ಯಂತ್ರವಿಚಾರ: ಎಂಜಿನಿನ ಬಿಸಿನೀರೂ ಅದು ಸೇವಿಸುವ ಗಾಳಿಯೂ

ಮೋಟಾರು ಗಾಡಿಯು ಪೆಟ್ರೋಲಿನಿಂದ ನಡೆಯುವುದೆಂದು ಎಲ್ಲರೂ ಹೇಳುವರು. ಈ ಮಾತು ಸುಳ್ಳಲ್ಲವಾದರೂ ಪೂರ್ಣವೂ ಅಲ್ಲ. ಒಂದು ಲೀಟರು ಪೆಟ್ರೋಲು ಸರಿಯಾಗಿ ಉರಿಯಬೇಕಾದರೆ ಅದರೊಡನೆ ಸುಮಾರು ೧೧ ಕಿಲೋಗ್ರಾಂ ತೂಕದ ಗಾಳಿಯು ಬೆರೆಯಬೇಕು. ಅಷ್ಟು ಗಾಳಿಯನ್ನು ಒಂದೆಡೆ ಕೂಡಿಟ್ಟರೆ ಅದು ಎರಡು ಮೀಟರು ಉದ್ದ, ಒಂದೂವರೆ ಮೀಟರು ಅಗಲ, ಮೂರು ಮೀಟರು ಎತ್ತರವುಳ್ಳ ಒಂದು ಸಣ್ಣ ದೇವರಮನೆಯನ್ನು ತುಂಬುವುದು. ಪೆಟ್ರೋಲಿಗೆ ಹಣವನ್ನು ಕೊಡುವೆವಾದುದರಿಂದ ಅದರ ಲೆಕ್ಕವನ್ನು ಇಡುವೆವು. ಗಾಳಿಯು ಧರ್ಮಕ್ಕೆ ಸಿಕ್ಕುವುದರಿಂದ ಅದರ ಯೋಚನೆಯು ಸಾಮಾನ್ಯವಾಗಿ ಯಾರಿಗೂ ಬಾರದು.

ಆದರೆ ಗಾಡಿಗಳಲ್ಲಿ ಆಸಕ್ತಿಯುಳ್ಳ ತರುಣರಲ್ಲಿ ಈ ಗಾಳಿಯ ಯೋಚನೆಯು ಈಗ ಬಹಳವಾಗಿ ಹರಡಿರುವುದು. “ಎಂಜಿನು ತಣ್ಣನೆಯ ಗಾಳಿಯನ್ನು ಸೇವಿಸಿದರೆ ಅದರ ಬಲವು ಹೆಚ್ಚುವುದು. ಆ ಗಾಳಿಯ ದಾರಿಯಲ್ಲಿ ಕಂಪೆನಿಯವರು ಬಿಸಿನೀರಿನ ಕೊಳವೆಯೊಂದನ್ನು ಹಾಯಿಸಿರುವರು. ಅದನ್ನು ತಪ್ಪಿಸಿ ನೀರಿಗೆ ಬೇರೆ ದಾರಿಯನ್ನು ಮಾಡಿಕೊಟ್ಟರೆ ಸಾಕು” ಎಂದು ಅವರು ವಾದಿಸುವರು. ಕೆಲಸವೂ ಸುಲಭವಾಗಿಯೇ ತೋರುವುದು: ಒಂದು ಮೊಳ ರಬ್ಬರು ಕೊಳವೆ, ಎರಡು ಕ್ಲಿಪ್ಪು, ಅರ್ಧ ಗಂಟೆಯ ಹೊತ್ತು. ಗಾಡಿಯು ಮನೆಮಂದಿಗೆಲ್ಲ ಸೇರಿದ್ದಾದರೆ ಮನೆಯ ಯಜಮಾನರು ಇದಕ್ಕೆ ಹೂಂ ಎನ್ನಬೇಕೆ, ಬೇಡವೆ? ಈ ತಿಂಗಳು ಇದನ್ನೇ ಸ್ವಲ್ಪ ನಿಧಾನವಾಗಿ ವಿಚಾರಮಾಡುವೆವು.

ತಣ್ಣನೆಯ ಗಾಳಿಯ ಗುಣ

ತರುಣರ ವಾದದ ಮೊದಲನೆಯ ಭಾಗವು ನಿಜವಾದುದೇ. ಒಂದು ಸೇರು ಅಕ್ಕಿಗೂ ಒಂದು ಸೇರು ಮಂಡಕ್ಕಿಗೂ ಅಳತೆ ಒಂದೇ; ತೂಕ ಬೇರೆ; ಹೊಟ್ಟೆ ತುಂಬುವ ಬಗೆಯೂ ಬೇರೆ. ಎಂಜಿನಿನ ಸಿಲಿಂಡರು ಗಾಳಿಯನ್ನು ಸೇರಿನಲ್ಲಿ ಅಳೆದಂತೆ ಅಳೆದು ತೆಗೆದುಕೊಳ್ಳುವುದು. ಪೆಟ್ರೋಲಾದರೋ ಗಾಳಿಯ ತೂಕವನ್ನು ನೋಡಿ ಉರಿಯುವುದು. ೨೫ ಡಿಗ್ರಿ ಸೆಂಟಿಗ್ರೇಡಿನ ಒಂದು ಘನ ಮೀಟರು ಗಾಳಿಯು ಸುಮಾರು ೧,೧೮೦ ಗ್ರಾಂ ತೂಗುವುದು. ಅದೇ ಗಾಳಿಯು ೫೫ ಡಿಗ್ರಿಗೆ ಕಾದು ಹಿಗ್ಗಿದರೆ ಒಂದು ಘನ ಮೀಟರಿನ ತೂಕವು ಸುಮಾರು ೧,೦೭೫ ಗ್ರಾಮಿಗೆ ಇಳಿಯುವುದು. ಸ್ಥೂಲವಾಗಿ, ಗಾಳಿಯ ಶಾಖವು ಮೂರು ಡಿಗ್ರಿ ಏರಿದರೆ ತೂಕದಲ್ಲಿ ನೂರಕ್ಕೆ ಒಂದು ಪಾಲು ಕಡಮೆಯಾಗುವುದೆಂದು ನೆನಪಿಟ್ಟುಕೊಂಡರೆ ಸಾಕು.

ಇನ್ನೊಂದು ಗುಣವೂ ಉಂಟು. ಬಿಸಿಯಾದ ಗಾಳಿಯನ್ನು ಸಿಲಿಂಡರಿನೊಳಗೆ ಒತ್ತಿದಾಗ ಅದು ಮತ್ತಷ್ಟು ಕಾಯುವುದರಿಂದ, ಕಿಡಿಯಿಂದ ಹೊತ್ತಿದ ಉರಿಯು ಬಂದು ತಲಪುವುದಕ್ಕೆ ಮುಂಚೆಯೇ ಒಂದು ಮೂಲೆಯ ಮಿಶ್ರಣವು ತಾನಾಗಿ ಸಿಡಿದುಬಿಡಬಹುದು. ಆಗ ಸುತ್ತಿಗೆಯಿಂದ ಬಡಿದಂತೆ ಸದ್ದು ಕೇಳುವುದು. ಮೆಕ್ಯಾನಿಕ್ಕುಗಳು ಇದನ್ನು ನಾಕಿಂಗ್ ಎನ್ನುವರು. ಹೀಗೇ ಬಿಟ್ಟರೆ ಪಿಸ್ಟನ್ನಿಗೆ ಕೇಡು. ಈಗಿನ ಗಾಡಿಗಳಲ್ಲಿ ಕಂಪ್ಯೂಟರು ಈ ಸದ್ದನ್ನು ತಿಳಿದು ಕಿಡಿಯನ್ನು ತುಸು ತಡವಾಗಿ ಹೊತ್ತಿಸುವುದು. ಎಂಜಿನು ಉಳಿಯುವುದು, ಬಲವು ಕುಗ್ಗುವುದು. ಆದುದರಿಂದ ತಣ್ಣನೆಯ ಗಾಳಿಗೆ ಬೆಲೆಯುಂಟೆಂಬುದರಲ್ಲಿ ಸಂಶಯವಿಲ್ಲ.

ಆದರೆ ಆ ಬೆಲೆಯು ಯಾವಾಗ ದೊರೆಯುವುದೆಂಬುದನ್ನು ಗಮನಿಸಬೇಕು. ಊರೊಳಗೆ ಮೆಲ್ಲನೆ ಹೋಗುವಾಗ ನಾವು ಕಾಲಿನ ಪೆಡಲನ್ನು ಸ್ವಲ್ಪವೇ ಒತ್ತುವೆವು. ಗಾಳಿಯ ದಾರಿಯಲ್ಲಿ ಒಂದು ದುಂಡು ತಟ್ಟೆಯು ಬಾಗಿಲಿನಂತೆ ನಿಂತಿರುವುದು. ಇದಕ್ಕೆ ಥ್ರಾಟಲ್ ಎಂದು ಹೆಸರು. ಪೆಡಲನ್ನು ಒತ್ತಿದಷ್ಟೇ ಇದು ತೆರೆಯುವುದು. ಗಾಳಿಯು ತಣ್ಣಗಿದ್ದು ಭಾರವಾಗಿದ್ದರೆ, ಬೇಕಾದ ವೇಗಕ್ಕೆ ಬಾಗಿಲನ್ನು ಇನ್ನೂ ಕಿರಿದಾಗಿ ತೆರೆಯುವೆವು; ಬಿಸಿಯಾಗಿದ್ದು ಹಗುರವಾಗಿದ್ದರೆ ತುಸು ಅಗಲವಾಗಿ ತೆರೆಯುವೆವು. ಎರಡು ಸಂದರ್ಭಗಳಲ್ಲಿಯೂ ಒಳಹೋಗುವ ಗಾಳಿಯ ತೂಕವು ಬಹುಮಟ್ಟಿಗೆ ಒಂದೇ ಆಗುವುದು. ಅಷ್ಟೇ ಅಲ್ಲ, ಬಾಗಿಲು ಕಿರಿದಾದಷ್ಟೂ ಎಂಜಿನು ಉಸಿರೆಳೆಯಲು ಹೆಚ್ಚು ಶ್ರಮಪಡಬೇಕಾಗುವುದರಿಂದ, ಮೆಲ್ಲನೆಯ ಓಡಾಟದಲ್ಲಿ ಬೆಚ್ಚನೆಯ ಗಾಳಿಯೇ ಪೆಟ್ರೋಲನ್ನು ಒಂದು ಕೂದಲೆಳೆಯಷ್ಟು ಉಳಿಸುವುದುಂಟು. ತಣ್ಣನೆಯ ಗಾಳಿಯ ಲಾಭವು ಪೆಡಲನ್ನು ಪೂರ್ತಿಯಾಗಿ ತುಳಿದಾಗ ಮಾತ್ರ. ಘಾಟಿಯನ್ನು ಹತ್ತುವಾಗಲೂ ಹೆದ್ದಾರಿಯಲ್ಲಿ ಲಾರಿಯನ್ನು ದಾಟುವಾಗಲೂ ಅದು ಉಪಯೋಗಕ್ಕೆ ಬರುವುದು; ತರಕಾರಿ ತರಲು ಮಾರುಕಟ್ಟೆಗೆ ಹೋಗುವಾಗಲ್ಲ.

ನೀರಿನ ಸಂಚಾರ

ಇನ್ನು ನೀರಿನ ಮಾತು. ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಚಕ್ರವನ್ನು ತಿರುಗಿಸುವುದಕ್ಕೆ ಒದಗುವುದು. ಮತ್ತೊಂದು ಪಾಲು ಹೊಗೆಯೊಡನೆ ಹೊರಬೀಳುವುದು. ಉಳಿದುದರಲ್ಲಿ ಬಹುಭಾಗವನ್ನು ಎಂಜಿನಿನ ಗೋಡೆಗಳೊಳಗೆ ಹರಿಯುವ ನೀರು ಎತ್ತಿಕೊಂಡು ಹೋಗಿ ಮುಂಭಾಗದ ರೇಡಿಯೇಟರಿನಲ್ಲಿ ಗಾಳಿಗೆ ಒಪ್ಪಿಸಬೇಕು. ನೀರೆಂದೆವಾದರೂ ಅದು ಬರಿಯ ನೀರಲ್ಲ. ತುಕ್ಕನ್ನು ತಡೆಯುವ, ಬೇಗ ಕುದಿಯದಂತೆಯೂ ಹೆಪ್ಪುಗಟ್ಟದಂತೆಯೂ ಕಾಪಾಡುವ ದ್ರವವನ್ನು ಅದಕ್ಕೆ ಬೆರಸಿರುವರು. ಅಂಗಡಿಯಲ್ಲಿ ಕೂಲಂಟು ಎಂದು ದೊರೆಯುವುದು ಇದೇ.

ಈ ನೀರು ಎಷ್ಟು ತಣ್ಣಗಿದ್ದರೆ ಅಷ್ಟು ಒಳ್ಳೆಯದೆಂದು ಕೆಲವರು ಭಾವಿಸುವರು. ಅದು ಸರಿಯಲ್ಲ. ಬಹುತೇಕ ಎಂಜಿನುಗಳು ನೀರು ಸುಮಾರು ೯೦ ಡಿಗ್ರಿಯಲ್ಲಿರುವಾಗ ಚೆನ್ನಾಗಿ ಕೆಲಸಮಾಡುವಂತೆ ನಿರ್ಮಿತವಾಗಿರುವುವು. ಅದಕ್ಕಿಂತ ತಣ್ಣಗಿದ್ದರೆ ಪೆಟ್ರೋಲು ಸರಿಯಾಗಿ ಆವಿಯಾಗದೆ ಗೋಡೆಗಳ ಮೇಲೆ ಜಾರಿ ಎಣ್ಣೆಯೊಡನೆ ಬೆರೆಯುವುದು. ಎಣ್ಣೆಯು ತೆಳುವಾಗಿ ಸವೆತವು ಹೆಚ್ಚುವುದು. ಇದಕ್ಕಾಗಿಯೇ ನೀರಿನ ದಾರಿಯಲ್ಲಿ ಥರ್ಮೊಸ್ಟಾಟ್ ಎಂಬ ಸಣ್ಣ ಕವಾಟವನ್ನು ಇಟ್ಟಿರುವರು. ಅದರೊಳಗಣ ಮೇಣವು ಬಿಸಿಗೆ ಕರಗಿ ಹಿಗ್ಗಿದಾಗ ಕವಾಟವು ತೆರೆದು ನೀರನ್ನು ರೇಡಿಯೇಟರಿಗೆ ಬಿಡುವುದು, ತಣ್ಣಗಾದರೆ ಮುಚ್ಚುವುದು. ನಮ್ಮ ನಾಡಿನ ಅನೇಕ ವರ್ಕ್‌ಷಾಪುಗಳಲ್ಲಿ “ನಮ್ಮ ಹವೆಗೆ ಇದು ಬೇಡ” ಎಂದು ಈ ಕವಾಟವನ್ನು ಕಿತ್ತೆಸೆಯುವ ರೂಢಿಯುಂಟು. ಹೀಗೆ ಮಾಡಿದರೆ ಎಂಜಿನು ಬೇಗ ಬೆಚ್ಚಗಾಗದು; ಕಂಪ್ಯೂಟರು ಇನ್ನೂ ಚಳಿಯಿದೆಯೆಂದು ತಿಳಿದು ಪೆಟ್ರೋಲನ್ನು ಹೆಚ್ಚಾಗಿ ಸುರಿಯುವುದು. ಕೆಲವು ಎಂಜಿನುಗಳಲ್ಲಿ ಥರ್ಮೊಸ್ಟಾಟು ತೆರೆದಾಗ ಅಡ್ಡದಾರಿಯೊಂದನ್ನು ಮುಚ್ಚುವ ಕೆಲಸವನ್ನೂ ಮಾಡುವುದು. ಅಂಥವುಗಳಲ್ಲಿ ಅದನ್ನು ಕಿತ್ತರೆ ನೀರಿನ ಒಂದು ಭಾಗವು ರೇಡಿಯೇಟರಿಗೆ ಹೋಗದೆ ಎಂಜಿನಿನಲ್ಲಿಯೇ ಸುತ್ತುತ್ತಿದ್ದು, ತಂಪಿಗಾಗಿ ಮಾಡಿದ ಕೆಲಸವೇ ಕುದಿತಕ್ಕೆ ಕಾರಣವಾಗುವುದು.

ನೀರಿನ ದಾರಿಯ ಮತ್ತೊಂದು ಅಂಗವು ರೇಡಿಯೇಟರಿನ ಮುಚ್ಚಳ. ಇದರ ಗುಟ್ಟನ್ನು ನಮ್ಮ ಗೃಹಿಣಿಯರು ಚೆನ್ನಾಗಿ ಬಲ್ಲರು. ಪ್ರೆಷರ್ ಕುಕ್ಕರಿನೊಳಗೆ ಒತ್ತಡವಿರುವುದರಿಂದ ನೀರು ೧೦೦ ಡಿಗ್ರಿಯಲ್ಲಿ ಕುದಿಯದೆ ಸುಮಾರು ೧೨೦ ಡಿಗ್ರಿಯವರೆಗೆ ತಾಳುವುದಷ್ಟೆ. ಗಾಡಿಯ ಮುಚ್ಚಳವೂ ಹೀಗೆಯೇ ಒತ್ತಡವನ್ನು ಹಿಡಿದಿಡುವುದು. ಕುಕ್ಕರಿನ ಮುಚ್ಚಳವನ್ನು ಉಗಿಯಿರುವಾಗ ತೆರೆಯುವ ಗೃಹಿಣಿಯಿಲ್ಲ. ಆದರೆ ದಾರಿಯಲ್ಲಿ ಕಾದುನಿಂತ ಗಾಡಿಯ ಮುಚ್ಚಳವನ್ನು ತಿರುಗಿಸಿ ಮುಖ ಕೈಗಳನ್ನು ಸುಟ್ಟುಕೊಳ್ಳುವ ಗಂಡಸರು ಇದ್ದಾರೆ.

ಥ್ರಾಟಲಿಗೆ ಬಿಸಿನೀರೇಕೆ?

ಗಾಳಿಯು ತಣ್ಣಗಿರಬೇಕಾದರೆ ಅದರ ಬಾಗಿಲಿಗೇ ಬಿಸಿನೀರನ್ನು ತಂದುದೇಕೆ? ಕಂಪೆನಿಯ ಎಂಜಿನಿಯರುಗಳಿಗೆ ಗಾಳಿಯ ತೂಕದ ಲೆಕ್ಕವು ತಿಳಿಯದೆ? ಇದಕ್ಕೆ ಉತ್ತರವು ಮಂಜುಗಡ್ಡೆ.

ಕೈಮೇಲೆ ಸ್ಪಿರಿಟ್ಟನ್ನು ಹಚ್ಚಿದರೆ ಅದು ಆರುವಾಗ ಕೈ ತಣ್ಣಗಾಗುವುದು. ಮಣ್ಣಿನ ಹೂಜಿಯ ನೀರು ತಂಪಾಗುವುದೂ ಹಾಗೆಯೇ. ದ್ರವವು ಆವಿಯಾಗಬೇಕಾದರೆ ಸುತ್ತಣ ಶಾಖವನ್ನು ಹೀರಿಕೊಳ್ಳುವುದು. ಹಳೆಯ ಗಾಡಿಗಳಲ್ಲಿ ಪೆಟ್ರೋಲು ಕಾರ್ಬುರೇಟರಿನಲ್ಲಿ ಗಾಳಿಯೊಡನೆ ಬೆರೆತು ಆವಿಯಾಗುತ್ತಿತ್ತು. ಪೆಟ್ರೋಲೆಲ್ಲವೂ ಆವಿಯಾದರೆ ಗಾಳಿಯ ಶಾಖವು ಇಪ್ಪತ್ತು ಡಿಗ್ರಿಗಳಿಗಿಂತಲೂ ಹೆಚ್ಚಾಗಿ ಇಳಿಯಬಲ್ಲುದು. ಹೊರಗಣ ಹವೆಯು ೧೫ ಡಿಗ್ರಿಯಿದ್ದು ತೇವದಿಂದ ಕೂಡಿದ್ದರೆ, ಆ ತೇವವು ಕಾರ್ಬುರೇಟರಿನೊಳಗೆ ಮಂಜುಗಡ್ಡೆಯಾಗಿ ಕಟ್ಟಿ ಗಾಳಿಯ ಬಾಗಿಲನ್ನು ಬಂಧಿಸುವುದು. ವಿಮಾನಗಳಿಗೆ ಇದು ಪ್ರಾಣಾಂತಿಕವಾದ ವಿಷಯ. ಪಿಸ್ಟನ್ ಎಂಜಿನಿನ ಸಣ್ಣ ವಿಮಾನಗಳಲ್ಲಿ ಕಾರ್ಬುರೇಟರಿಗೆ ಬಿಸಿಗಾಳಿಯನ್ನು ಹಾಯಿಸುವುದಕ್ಕೆಂದೇ ಪೈಲಟಿನ ಮುಂದೆ ಒಂದು ಗುಂಡಿಯನ್ನು ಇಟ್ಟಿರುವರು. ೧೯೦೮ರಿಂದ ೧೯೨೭ರವರೆಗೆ ತಯಾರಾದ ಫೋರ್ಡ್ ಕಂಪೆನಿಯ ಪ್ರಸಿದ್ಧವಾದ ಟಿ ಗಾಡಿಯಲ್ಲಿ ಹೊಗೆಯ ಕೊಳವೆಯ ಬಳಿಯಿಂದ ಬಿಸಿಗಾಳಿಯನ್ನು ಕಾರ್ಬುರೇಟರಿಗೆ ತರುವ ಒಂದು ತಗಡಿನ ನಾಳವು ಇರುತ್ತಿತ್ತು. ನಮ್ಮ ಹಿರಿಯರೆಲ್ಲರೂ ಕಂಡ ಅಂಬಾಸಡರ್ ಗಾಡಿಯಲ್ಲಿಯೂ ಹಳೆಯ ಎಂಜಿನಿನ ಗಾಳಿಯ ಕೊಳವೆಯೂ ಹೊಗೆಯ ಕೊಳವೆಯೂ ಒಂದೇ ಪಕ್ಕದಲ್ಲಿ ಒಂದರ ನೆರೆಯಲ್ಲಿ ಮತ್ತೊಂದು ಇದ್ದುವು. ಗಾಳಿಯನ್ನು ಬೆಚ್ಚಗೆ ಮಾಡುವುದು ಆ ಕಾಲದಲ್ಲಿ ಗುಣವೇ ಆಗಿತ್ತು.

ಈಗ ಕಾರ್ಬುರೇಟರು ಹೋಗಿ ಇಂಜೆಕ್ಟರು ಬಂದಿರುವುದು. ಪೆಟ್ರೋಲು ಥ್ರಾಟಲನ್ನು ದಾಟಿದ ಮೇಲೆ, ಸಿಲಿಂಡರಿನ ಬಾಗಿಲ ಬಳಿ ಅಥವಾ ಸಿಲಿಂಡರಿನೊಳಗೇ ಚಿಮ್ಮುವುದು. ಆದುದರಿಂದ ಮೊದಲಿನಷ್ಟು ಮಂಜಿನ ಭಯವಿಲ್ಲ. ಆದಾಗ್ಯೂ ಭಯವು ಪೂರ್ಣವಾಗಿ ಹೋಗಿಲ್ಲ. ಥ್ರಾಟಲಿನ ತಟ್ಟೆಯು ಬಹುಮಟ್ಟಿಗೆ ಮುಚ್ಚಿರುವಾಗ ಗಾಳಿಯು ಅದರ ಅಂಚಿನ ಕಿರಿದಾದ ಸಂದಿನಲ್ಲಿ ಅತಿ ವೇಗದಿಂದ ನುಗ್ಗುವುದು. ಆ ವೇಗದಿಂದ ಆ ಸ್ಥಳದಲ್ಲಿ ಮಾತ್ರ ಅದು ಬಹಳ ತಣ್ಣಗಾಗುವುದು. ಎಂಜಿನಿನ ಹೊಟ್ಟೆಯಿಂದ ಬರುವ ತೇವಪೂರಿತವಾದ ಆವಿಯನ್ನೂ ಆ ನೆರೆಗೇ ತಂದು ಬಿಟ್ಟಿರುವರು. ಹೊರಗೆ ಸೊನ್ನೆ ಡಿಗ್ರಿಗೆ ಸಮೀಪವಾದ ಚಳಿಯಿದ್ದರೆ ತಟ್ಟೆಯ ಅಂಚು ಹೆಪ್ಪುಗಟ್ಟಿ ಅಂಟಿಕೊಳ್ಳಬಹುದು. ಬಾಗಿಲು ಮುಚ್ಚಿ ಅಂಟಿದರೆ ಗಾಡಿಯು ನಿಂತೀತು. ತೆರೆದು ಅಂಟಿದರೆ ಕಾಲೆತ್ತಿದ ಮೇಲೂ ಗಾಡಿಯು ಓಡೀತು. ಈ ಎರಡನೆಯದು ಎಷ್ಟು ಭಯಂಕರವೆಂಬುದನ್ನು ವಿವರಿಸಬೇಕಾಗಿಲ್ಲ. ಒಂದೇ ಗಾಡಿಯನ್ನು ಹಲವು ದೇಶಗಳಲ್ಲಿ ಮಾರುವ ಕಂಪೆನಿಯು ಹಿಮದ ನಾಡನ್ನೂ ಗಣಿಸಿ ಬಿಸಿನೀರಿನ ಕೊಳವೆಯನ್ನು ಇಟ್ಟಿರುವುದು.

ಕೊಳವೆಯನ್ನು ತಪ್ಪಿಸಿದರೆ ಎಷ್ಟು ಲಾಭ?

ನಮ್ಮ ಬಯಲುಸೀಮೆಯಲ್ಲಿ ಹಿಮವಿಲ್ಲ. ಆದುದರಿಂದ ಕೊಳವೆಯನ್ನು ತಪ್ಪಿಸಿದರೆ ನಷ್ಟವಿಲ್ಲ, ಬರುವುದೆಲ್ಲವೂ ಲಾಭವೇ ಎಂದು ತರುಣರು ಹೇಳಬಹುದು. ಹಾಗಾದರೆ ಆ ಲಾಭವೆಷ್ಟೆಂದು ಲೆಕ್ಕಹಾಕಿ ನೋಡೋಣ.

೧.೬ ಲೀಟರಿನ ಎಂಜಿನೊಂದು ನಿಮಿಷಕ್ಕೆ ೩,೦೦೦ ಸುತ್ತು ತಿರುಗುತ್ತ ಪೂರ್ಣಬಲದಿಂದ ಕೆಲಸಮಾಡುವಾಗ ಪ್ರತಿ ಸೆಕೆಂಡಿಗೂ ಸುಮಾರು ೪೦ ಲೀಟರು ಗಾಳಿಯನ್ನು ಎಳೆದುಕೊಳ್ಳುವುದು. ಥ್ರಾಟಲಿನ ರಂಧ್ರವು ೫ ಸೆಂಟಿಮೀಟರು ಅಗಲವೆಂದು ಇಟ್ಟುಕೊಂಡರೆ, ಗಾಳಿಯು ಅದರಲ್ಲಿ ಸೆಕೆಂಡಿಗೆ ೨೦ ಮೀಟರು ವೇಗದಲ್ಲಿ ಹಾಯುವುದು. ಬಿಸಿನೀರಿನಿಂದ ಕಾದ ಲೋಹದ ಉದ್ದವು ಹೆಚ್ಚೆಂದರೆ ಎಂಟು ಸೆಂಟಿಮೀಟರು. ಅಂದರೆ ಗಾಳಿಯು ಆ ಬಿಸಿಯ ನೆರೆಯಲ್ಲಿರುವ ಕಾಲವು ಒಂದು ಸೆಕೆಂಡಿನ ಇನ್ನೂರೈವತ್ತರಲ್ಲಿ ಒಂದು ಭಾಗ! ಕಾದ ಕಾವಲಿಯ ಮೇಲೆ ಬೆರಳನ್ನು ತಟ್ಟನೆ ಸೋಕಿಸಿ ತೆಗೆಯುವುದಕ್ಕೂ ಇದಕ್ಕಿಂತ ಹೆಚ್ಚು ಕಾಲ ಹಿಡಿಯುವುದು. ಲೋಹವು ೯೦ ಡಿಗ್ರಿಯಲ್ಲಿಯೂ ಗಾಳಿಯು ೪೦ ಡಿಗ್ರಿಯಲ್ಲಿಯೂ ಇದ್ದರೆ, ಈ ಅವಕಾಶದಲ್ಲಿ ಗಾಳಿಗೆ ಸೇರುವ ಶಾಖವು ಅದನ್ನು ಒಂದೆರಡು ಡಿಗ್ರಿಗಳಷ್ಟು ಮಾತ್ರ ಏರಿಸಬಲ್ಲುದು. ಮೇಲೆ ಹೇಳಿದ ಸೂತ್ರದಂತೆ ಇದು ಬಲದಲ್ಲಿ ನೂರಕ್ಕೆ ಅರ್ಧ ಪಾಲಿನ ಆಸುಪಾಸು. ೮೦ ಕುದುರೆಗಳ ಬಲವುಳ್ಳ ಗಾಡಿಗೆ ಒಂದು ಕುದುರೆಯ ಅರ್ಧ ಬಲ! ಚಾಲಕನ ಪಕ್ಕದಲ್ಲಿ ಕುಳಿತವರೊಬ್ಬರು ಇಳಿದರೆ ಗಾಡಿಗೆ ಇದಕ್ಕಿಂತ ಹೆಚ್ಚಿನ ಹಗುರವಾಗುವುದು.

ಗಾಡಿಯು ನಿಂತಲ್ಲಿಯೇ ಗುರುಗುಟ್ಟುತ್ತಿರುವಾಗ ಗಾಳಿಯು ಮೆಲ್ಲನೆ ಹಾಯುವುದರಿಂದ ಹೆಚ್ಚಾಗಿ ಬಿಸಿಯಾಗುವುದು ನಿಜ. ಆದರೆ ಆಗ ಯಾರಿಗೂ ಬಲವು ಬೇಕಾಗಿಲ್ಲ. ಕೊಳವೆಯನ್ನು ತಪ್ಪಿಸಿದವರು ಥ್ರಾಟಲಿನ ಲೋಹವನ್ನು ಮುಟ್ಟಿ, “ಮೊದಲು ಕೈಯಿಡಲಾಗುತ್ತಿರಲಿಲ್ಲ, ಈಗ ನೋಡಿ ಎಷ್ಟು ತಣ್ಣಗಿದೆ” ಎಂದು ತೋರಿಸುವರು. ಅವರ ಕೈಯು ಸುಳ್ಳು ಹೇಳುತ್ತಿಲ್ಲ. ಆದರೆ ಅದು ಹೇಳುತ್ತಿರುವುದು ಲೋಹದ ಸಮಾಚಾರ, ಗಾಳಿಯದಲ್ಲ.

ಅಮೆರಿಕದ ಎರಡು ಎಂಜಿನುಗಳು

ನೀರಿನ ದಾರಿಯನ್ನು ಬದಲಾಯಿಸುವುದರಿಂದ ಪ್ರಯೋಜನವೇ ಇಲ್ಲವೆಂದು ಇದರಿಂದ ತಿಳಿಯಬಾರದು. ಎಂಜಿನನ್ನು ಮೊದಲಿನಿಂದ ರಚಿಸುವವರು ಅದನ್ನು ಬಹು ಚೆನ್ನಾಗಿ ಮಾಡಿ ತೋರಿಸಿರುವರು. ಸಾಮಾನ್ಯವಾಗಿ ಪಂಪಿನಿಂದ ಬಂದ ತಣ್ಣನೆಯ ನೀರು ಮೊದಲು ಸಿಲಿಂಡರುಗಳ ಸುತ್ತ ಹರಿದು, ಅಲ್ಲಿ ಬಿಸಿಯಾದ ಮೇಲೆ ಮೇಲಣ ಹೆಡ್ಡಿಗೆ ಏರುವುದು. ಅತ್ಯಂತ ಹೆಚ್ಚು ಕಾಯುವ ಭಾಗವು ಹೆಡ್ಡು. ಗಾಳಿಯು ಸಿಲಿಂಡರಿಗೆ ಇಳಿಯುವ ಕೊನೆಯ ದಾರಿಯೂ ಅದರೊಳಗೇ ಇರುವುದು. ಹೀಗಿರಲಾಗಿ ತಣ್ಣನೆಯ ನೀರನ್ನು ಮೊದಲು ಹೆಡ್ಡಿಗೆ ಕೊಟ್ಟು ಆಮೇಲೆ ಕೆಳಕ್ಕೆ ಇಳಿಸಿದರೆ ಹೇಗೆ? ಅಮೆರಿಕದ ಪಾಂಟಿಯಾಕ್ ಗಾಡಿಯ ೧೯೫೫ರ ವಿ ಎಂಟು ಎಂಜಿನಿನಲ್ಲಿ ಈ ಉಪಾಯವನ್ನು ಕೈಕೊಂಡಿದ್ದರು. ಜನರಲ್ ಮೋಟಾರ್ಸ್ ಕಂಪೆನಿಯು ೧೯೯೨ರ ಕಾರ್ವೆಟ್ ಗಾಡಿಗೆ ಇಟ್ಟ ಎಲ್.ಟಿ. ೧ ಎಂಬ ೫.೭ ಲೀಟರಿನ ಎಂಜಿನಿನಲ್ಲಿ ಇದು ಮತ್ತೆ ಕಾಣಿಸಿಕೊಂಡಿತು. ಹಿಂದಿನ ಎಂಜಿನಿನಲ್ಲಿ ಗಾಳಿಯನ್ನು ಹಂಚುವ ಕೊಳವೆಗಳ ಮನೆಯೊಳಗೂ ಬಿಸಿನೀರು ಹಾಯುತ್ತಿತ್ತು. ಇದರಲ್ಲಿ ಅದನ್ನು ತೆಗೆದುಹಾಕಿದರು. ಹೆಡ್ಡು ತಂಪಾದುದರಿಂದ ನಾಕಿಂಗಿನ ಭಯವು ಕಡಮೆಯಾಗಿ, ಮಿಶ್ರಣವನ್ನು ಮೊದಲಿಗಿಂತ ಹೆಚ್ಚಾಗಿ ಒತ್ತುವುದು ಸಾಧ್ಯವಾಯಿತು. ಎಂಜಿನಿನ ಬಲವು ೩೦೦ ಕುದುರೆಗಳೆಂದು ಕಂಪೆನಿಯು ಪ್ರಕಟಿಸಿತು.

ಆದರೆ ಈ ಉಪಾಯಕ್ಕೂ ಬೆಲೆಯನ್ನು ತೆರಬೇಕಾಯಿತು. ಉಗಿಯು ಸ್ವಭಾವತಃ ಮೇಲಕ್ಕೆ ಏರುವುದು. ನೀರನ್ನು ಕೆಳಕ್ಕೆ ಇಳಿಸಿದರೆ ಎರಡೂ ಎದುರುಬದುರಾಗುವುವು. ಆದುದರಿಂದ ಹೆಡ್ಡಿನಲ್ಲಿ ಸೇರುವ ಉಗಿಯನ್ನು ಹೊರಕ್ಕೆ ಬಿಡಲು ಬೇರೆ ಸಣ್ಣ ಕೊಳವೆಗಳನ್ನು ಇಡಬೇಕಾಯಿತು. ಕಿಡಿಯನ್ನು ಹಂಚುವ ಯಂತ್ರವು ನೀರಿನ ಪಂಪಿನ ಕೆಳಗೇ ಬಂದುದರಿಂದ, ಪಂಪು ಸೋರಿದರೆ ನೀರು ಅದರ ಮೇಲೆ ಬಿದ್ದು ಎಂಜಿನು ಮುಗ್ಗರಿಸುತ್ತಿತ್ತು.

ಅದೇ ಕಂಪೆನಿಯು ೧೯೯೭ರ ಕಾರ್ವೆಟ್ಟಿಗೆ ಎಲ್.ಎಸ್. ೧ ಎಂಬ ಹೊಸ ಎಂಜಿನನ್ನು ತಂದಾಗ ನೀರಿನ ದಾರಿಯನ್ನು ಹಿಂದಿನ ಕ್ರಮಕ್ಕೇ ತಿರುಗಿಸಿತು. ಗಾಳಿಯನ್ನು ಹಂಚುವ ಕೊಳವೆಗಳನ್ನು ಮಾತ್ರ ಲೋಹದ ಬದಲು ಪ್ಲಾಸ್ಟಿಕ್ಕಿನಿಂದ ಮಾಡಿತು. ಮರದ ಹಿಡಿಯುಳ್ಳ ಸೌಟು ಕೈಯನ್ನು ಸುಡದಿರುವಂತೆ, ಪ್ಲಾಸ್ಟಿಕ್ಕಿನ ಕೊಳವೆಯು ಎಂಜಿನಿನ ಬಿಸಿಯನ್ನು ಗಾಳಿಗೆ ಸುಲಭವಾಗಿ ದಾಟಿಸದು.

ಈ ಎಂಜಿನಿನಲ್ಲಿಯೇ ನಮ್ಮ ವಿಷಯಕ್ಕೆ ಬೇಕಾದ ಮುಖ್ಯವಾದ ಪಾಠವಿರುವುದು. ಇದರ ಹೆಡ್ಡುಗಳ ಮೇಲ್ಭಾಗದಲ್ಲಿ ಸೇರುವ ಉಗಿಯನ್ನೂ ಗಾಳಿಗುಳ್ಳೆಗಳನ್ನೂ ಹೊರಕ್ಕೆ ಒಯ್ಯುವ ಕೊಳವೆಯೇ ಥ್ರಾಟಲಿನ ಮೂಲಕ ಹಾದು ರೇಡಿಯೇಟರಿನ ಕಡೆಗೆ ಹೋಗುವುದು. ಒಂದೇ ಕೊಳವೆಯು ಎರಡು ಕೆಲಸಗಳನ್ನು ಮಾಡುತ್ತಿರುವುದು: ಥ್ರಾಟಲನ್ನು ಬೆಚ್ಚಗಿಡುವುದು ಒಂದು, ಉಗಿಗೆ ದಾರಿಕೊಡುವುದು ಮತ್ತೊಂದು. ತಿಳಿದವರು ಥ್ರಾಟಲನ್ನು ಬಿಟ್ಟು ಕೊಳವೆಯನ್ನು ನೇರವಾಗಿ ಮುಂದಕ್ಕೆ ಕೂಡಿಸುವರು. ಉಗಿಯ ದಾರಿಯು ಉಳಿಯುವುದು. ತಿಳಿಯದವರು ಎರಡು ತುದಿಗಳಿಗೂ ಬಿರಡೆ ಹಾಕಿ ಮುಚ್ಚಿಬಿಡುವರು. ಆಗ ಗಾಡಿಯು ಆ ದಿನವೇ ಕೆಡದು. ಬಹುಶಃ ಆ ತಿಂಗಳೂ ಕೆಡದು. ಆದರೆ ಹೆಡ್ಡಿನ ಮೂಲೆಯಲ್ಲಿ ಉಗಿಯು ಕಟ್ಟಿಕೊಂಡಲ್ಲಿ ನೀರು ಲೋಹವನ್ನು ಮುಟ್ಟುವುದಿಲ್ಲ. ಆ ಭಾಗವು ಸುತ್ತಣ ಭಾಗಕ್ಕಿಂತ ಹೆಚ್ಚಾಗಿ ಕಾದು, ಕಾಲಾಂತರದಲ್ಲಿ ಗ್ಯಾಸ್ಕೆಟ್ಟು ಸುಡುವುದಕ್ಕೂ ಅಲ್ಯುಮಿನಿಯಂ ಹೆಡ್ಡು ಬಾಗುವುದಕ್ಕೂ ಕಾರಣವಾಗುವುದು. ಮುಂಭಾಗದ ಬಿಸಿಯ ಮುಳ್ಳು ಇದನ್ನು ತೋರಿಸುವುದೆಂಬ ಭರವಸೆಯೂ ಇಲ್ಲ. ಆ ಮುಳ್ಳಿಗೆ ಸಮಾಚಾರವನ್ನು ಕೊಡುವ ಯಂತ್ರವು ತಾನು ಮುಳುಗಿರುವ ನೀರಿನ ಬಿಸಿಯನ್ನು ಮಾತ್ರ ಬಲ್ಲುದು. ಅರ್ಧ ಕುದುರೆಯ ಬಲಕ್ಕಾಗಿ ಎಂಜಿನನ್ನೇ ಒತ್ತೆಯಿಟ್ಟಂತಾಯಿತು.

ನಮ್ಮ ಗಾಡಿಗಳಲ್ಲಿ ನೀರಿನ ದಾರಿಯು ಒಂದೊಂದು ಮಾದರಿಯಲ್ಲಿ ಒಂದೊಂದು ರೀತಿಯಾಗಿರುವುದು. ಥ್ರಾಟಲಿನ ಕೊಳವೆಯು ಕೆಲವದರಲ್ಲಿ ಬರಿಯ ಬಿಸಿಗಾಗಿ ಇರಬಹುದು. ಕೆಲವದರಲ್ಲಿ ನೀರಿನ ಸಂಚಾರಕ್ಕೇ ಅವಶ್ಯವಾದ ಕೊಂಡಿಯಾಗಿರಬಹುದು. ಯಾವುದು ಯಾವುದೆಂಬುದು ಹೊರಗಿನಿಂದ ನೋಡಿದರೆ ತಿಳಿಯದು.

ಟರ್ಬೋ ಇರುವ ಗಾಡಿಗಳು

ಟರ್ಬೋ ಎಂಬ ಗಾಳಿಯೊತ್ತುವ ಯಂತ್ರವಿರುವ ಗಾಡಿಗಳ ಮಾತು ಬೇರೆ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುವುದೆಂಬುದನ್ನು ಸೈಕಲ್ ಪಂಪನ್ನು ಹಿಡಿದವರೆಲ್ಲರೂ ಬಲ್ಲರು. ೩೦ ಡಿಗ್ರಿಯ ಗಾಳಿಯು ಟರ್ಬೋವಿನಿಂದ ಹೊರಬರುವಾಗ ೧೧೦ ಡಿಗ್ರಿಯನ್ನು ಮುಟ್ಟುವುದುಂಟು. ಇದನ್ನು ತಣಿಸಲು ಕೆಲವು ಗಾಡಿಗಳಲ್ಲಿ ಗಾಳಿಯ ರೇಡಿಯೇಟರನ್ನೂ, ಕೆಲವದರಲ್ಲಿ ನೀರನ್ನೂ ಉಪಯೋಗಿಸುವರು. ಆದರೆ ಆ ನೀರು ಎಂಜಿನಿನ ನೀರಲ್ಲ. ೯೦ ಡಿಗ್ರಿಯ ನೀರು ಗಾಳಿಯನ್ನು ೪೦ ಡಿಗ್ರಿಗೆ ತಣಿಸಲಾರದಷ್ಟೆ. ಅದಕ್ಕೆಂದು ಬೇರೆ ಪಂಪು, ಬೇರೆ ರೇಡಿಯೇಟರು, ಬೇರೆ ಕೊಳವೆಗಳು ಇರುವುವು. ಇಲ್ಲಿ ನೀರಿನಿಂದ ದೊರೆಯುವ ತಂಪು ಒಂದೆರಡು ಡಿಗ್ರಿಯದಲ್ಲ, ಐವತ್ತು ಅರುವತ್ತು ಡಿಗ್ರಿಗಳದು. ಇಂಥ ಗಾಡಿಯುಳ್ಳವರು ಎಂಜಿನಿನ ನೀರನ್ನು ನೋಡಿಕೊಳ್ಳುವಂತೆ ಈ ಎರಡನೆಯ ನೀರನ್ನೂ ನೋಡಿಕೊಳ್ಳಬೇಕು.

ಗೃಹಸ್ಥರು ಮಾಡತಕ್ಕದ್ದೇನು?

ಗಾಳಿಯನ್ನು ನಿಜವಾಗಿ ಬಿಸಿಮಾಡುವುದು ಬಾನೆಟ್ಟಿನೊಳಗಣ ಶಾಖ. ರೇಡಿಯೇಟರನ್ನು ದಾಟಿ ಬರುವ ಗಾಳಿಯು ಹೊರಗಿನದಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಬಿಸಿಯಾಗಿರುವುದು ಸಾಮಾನ್ಯ. ಎಂಜಿನು ಆ ಗಾಳಿಯನ್ನು ಸೇವಿಸಬಾರದೆಂದು ಕಂಪೆನಿಯವರು ಬಹುತೇಕ ಗಾಡಿಗಳಲ್ಲಿ ಮುಂಭಾಗದಿಂದ ಅಥವಾ ಪಕ್ಕದಿಂದ ಹೊರಗಾಳಿಯನ್ನು ಏರ್ ಫಿಲ್ಟರಿನ ಪೆಟ್ಟಿಗೆಗೆ ತರುವ ನಾಳವನ್ನು ಇಟ್ಟಿರುವರು. ಸಣ್ಣ ಅಪಘಾತದಲ್ಲಿಯೋ ರಿಪೇರಿಯ ಅವಸರದಲ್ಲಿಯೋ ಈ ನಾಳವು ಮುರಿದು, ಕಳಚಿ, ಮತ್ತೆ ಕೂಡಿಸದೆ ಉಳಿದಿರುವ ಗಾಡಿಗಳು ಬಹಳ. ಅಂಥ ಗಾಡಿಯು ತನ್ನದೇ ಬಿಸಿಯುಸಿರನ್ನು ಮತ್ತೆ ಎಳೆದುಕೊಳ್ಳುತ್ತಿರುವುದು. ಇದನ್ನು ಸರಿಪಡಿಸಿದರೆ ಹತ್ತು ಇಪ್ಪತ್ತು ಡಿಗ್ರಿಗಳ ತಂಪು ದೊರೆಯುವುದು. ನೀರಿನ ಕೊಳವೆಯನ್ನು ಮುಟ್ಟಬೇಕಾಗಿಯೇ ಇಲ್ಲ. ತಣ್ಣನೆಯ ಗಾಳಿಗೆಂದು ಫಿಲ್ಟರಿನ ಪೆಟ್ಟಿಗೆಯನ್ನೇ ತೆಗೆದು ಬಾನೆಟ್ಟಿನೊಳಗೆ ತೆರೆದ ಫಿಲ್ಟರನ್ನು ನಿಲ್ಲಿಸುವವರಿದ್ದಾರೆ; ಅದರ ಸುತ್ತ ಮರೆಯಿಲ್ಲದಿದ್ದರೆ ಅವರು ಕೇಳಿದುದಕ್ಕೆ ವಿರುದ್ಧವಾದುದನ್ನೇ ಪಡೆಯುವರು. ಸದ್ದು ಮಾತ್ರ ಹೆಚ್ಚುವುದು.

ನೀರಿನ ವಿಷಯದಲ್ಲಿ ಇಷ್ಟನ್ನು ಮಾಡಿದರೆ ಸಾಕು. ಎಂಜಿನು ತಣ್ಣಗಿರುವಾಗ ವಾರಕ್ಕೊಮ್ಮೆ ಕೂಲಂಟಿನ ಡಬ್ಬಿಯನ್ನು ನೋಡತಕ್ಕದ್ದು. ನೀರು ಪದೇ ಪದೇ ಇಳಿಯುತ್ತಿದ್ದರೆ ಸುರಿದು ಸುಮ್ಮನಾಗದೆ ಕಾರಣವನ್ನು ಹುಡುಕಿಸತಕ್ಕದ್ದು. ಬೋರ್‌ವೆಲ್ಲಿನ ಗಡಸುನೀರನ್ನು ಹಾಕಬಾರದು. ಸ್ನಾನದ ಹಂಡೆಯೊಳಗೆ ಕಟ್ಟುವ ಬಿಳಿಯ ಪೊರೆಯೇ ಎಂಜಿನಿನ ಸಣ್ಣ ದಾರಿಗಳಲ್ಲಿಯೂ ಕಟ್ಟುವುದು. ರಬ್ಬರು ಕೊಳವೆಗಳನ್ನು ಬೆರಳಿನಿಂದ ಒತ್ತಿನೋಡಿ, ಉಬ್ಬಿದ್ದರೂ ಬಿರುಕುಬಿಟ್ಟಿದ್ದರೂ ಬದಲಾಯಿಸತಕ್ಕದ್ದು. ಥರ್ಮೊಸ್ಟಾಟು ಕೆಟ್ಟರೆ ಹೊಸದನ್ನು ಹಾಕಿಸತಕ್ಕದ್ದೇ ಹೊರತು ತೆಗೆಸಿಬಿಡತಕ್ಕದ್ದಲ್ಲ. ಕೂಲಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲ್ ಎಂಬ ವಸ್ತುವು ರುಚಿಗೆ ಸಿಹಿ, ಒಳಗೆ ಹೋದರೆ ಘೋರವಾದ ವಿಷ. ಮಕ್ಕಳೂ ಸಾಕಿದ ನಾಯಿ ಬೆಕ್ಕುಗಳೂ ಮುಟ್ಟದ ಕಡೆ ಅದನ್ನು ಇಡಬೇಕು. ನೆಲದ ಮೇಲೆ ಚೆಲ್ಲಿದರೆ ಒಡನೆಯೇ ತೊಳೆಯಬೇಕು. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ತುಂಬಿಡುವುದಂತೂ ಸರ್ವಥಾ ಕೂಡದು.

ಇಷ್ಟಾದರೂ ಮನೆಯ ತರುಣನು ತನ್ನ ಕುತೂಹಲವನ್ನು ಬಿಡದಿದ್ದರೆ, ಅವನನ್ನು ಗದರಿಸುವುದು ನ್ಯಾಯವಲ್ಲ. ಯಂತ್ರದ ಒಳಗನ್ನು ತಿಳಿಯಬೇಕೆಂಬ ಆಸೆಯು ಒಳ್ಳೆಯದೇ. ಅವನಿಗೆ ಮೂರು ಪ್ರಶ್ನೆಗಳನ್ನು ಕೊಡಿ. ಈ ಕೊಳವೆಯು ಎಲ್ಲಿಂದ ಬಂದು ಎಲ್ಲಿಗೆ ಹೋಗುವುದು? ಅದನ್ನು ಅಲ್ಲಿ ಏಕೆ ಇಟ್ಟಿರುವರು? ಅದನ್ನು ತಪ್ಪಿಸುವುದಕ್ಕೆ ಮೊದಲೂ ಆಮೇಲೂ ಒಳಹೋಗುವ ಗಾಳಿಯು ಎಷ್ಟು ಬಿಸಿಯಾಗಿತ್ತು? ಮೂರನೆಯದಕ್ಕೆ ಉತ್ತರವು ಕೈಯಿಂದ ಮುಟ್ಟಿದರೆ ದೊರೆಯದು. ಥ್ರಾಟಲಿನ ಆಚೆಗೆ ಗಾಳಿಯೊಳಗೇ ಇರುವ ಮಾಪಕದಿಂದ, ಒಂದೇ ರಸ್ತೆಯಲ್ಲಿ, ಒಂದೇ ಹೊತ್ತಿನಲ್ಲಿ ಅಳೆದು ಬರೆದಿಡಬೇಕು. ಗಾಡಿಯು ಕಂಪೆನಿಯ 보ಾರಂಟಿಯ ಅವಧಿಯಲ್ಲಿದ್ದರೆ, ನಾವೇ ಮಾಡಿದ ಬದಲಾವಣೆಯಿಂದ ಬಂದ ಕೆಡುಕಿಗೆ ಸಾಮಾನ್ಯವಾಗಿ ಕಂಪೆನಿಯು ಹೊಣೆಯಾಗುವುದಿಲ್ಲವೆಂಬುದನ್ನೂ ಅವನಿಗೆ ಹೇಳತಕ್ಕದ್ದು. ಹಿಮಬೀಳುವ ದೇಶಗಳಲ್ಲಿ ನೆಲಸಿರುವ ನಮ್ಮವರಾದರೋ ಈ ಪ್ರಯೋಗದ ಗೋಜಿಗೇ ಹೋಗದಿರುವುದು ಕ್ಷೇಮ.

ಮೂರು ಪ್ರಶ್ನೆಗಳಿಗೂ ಅವನು ಸರಿಯಾದ ಉತ್ತರವನ್ನು ತಂದರೆ, ಆಮೇಲೆ ಕೊಳವೆಯನ್ನು ತಪ್ಪಿಸುವುದೋ ಬಿಡುವುದೋ ಅವನಿಗೇ ತಿಳಿಯುವುದು. ಬಹುಶಃ ಅವನು ಬಾನೆಟ್ಟನ್ನು ಮುಚ್ಚಿ, ಮುರಿದ ಗಾಳಿಯ ನಾಳಕ್ಕೆ ಹೊಸದನ್ನು ತರಲು ಅಂಗಡಿಗೆ ಹೊರಡುವನು.

ಮುಂದಿನ ತಿಂಗಳು ಗಾಡಿಯ ಬ್ಯಾಟರಿಯ ವಿಚಾರವಾಗಿ ಬರೆಯುವೆವು.